ಒಂದೇ ಅಳತೆಯ ಎರಡು ಹೆಸರು

“ಆ ಡಿಸ್ಕ್ ಈಗ ಇಲ್ಲ ಮೇಡಂ. ಫಾರ್ಮ್ಯಾಟ್ ಮಾಡಿ ಆಯ್ತು.”

ಸುದೀಪ ಈ ಮಾತು ಹೇಳುವಾಗ ಪ್ರಫುಲ್ಲಾಳ ಮುಖ ನೋಡಲಿಲ್ಲ. ಕೈಯಲ್ಲಿದ್ದ ಚಹಾದ ಗ್ಲಾಸಿನ ತಳ ನೋಡುತ್ತಿದ್ದ. ಗ್ಲಾಸು ಆಗಲೇ ಬರಿದಾಗಿತ್ತು.

ಖರಾಡಿಯ ಗಾಜಿನ ಕಟ್ಟಡಗಳ ಎದುರಿಗಿನ ಚಹಾದ ಟಪರಿಗಳಲ್ಲಿ ಮಧ್ಯಾಹ್ನದ ಗದ್ದಲ ಇಳಿದಿತ್ತು. ಕೊರಳಿಗೆ ಆಫೀಸಿನ ಕಾರ್ಡು ನೇತುಹಾಕಿಕೊಂಡವರು ಒಬ್ಬೊಬ್ಬರಾಗಿ ಗೇಟಿನೊಳಕ್ಕೆ ಮರಳುತ್ತಿದ್ದರು. ಸುದೀಪನೂ ಹೋಗಬೇಕಿತ್ತು. ಎದುರಿಗೆ ಕೂತ ಹೆಂಗಸು ಏಳುವ ಲಕ್ಷಣ ಕಾಣಲಿಲ್ಲ.

“ಯಾವಾಗ ಮಾಡಿದ್ರಿ ಫಾರ್ಮ್ಯಾಟು?”

“ಅವ ತೀರಿಕೊಂಡ ವಾರವೇ. ಪೊಲೀಸ್ನವರು ಬೇಕಾದ್ದು ತಕೊಂಡು ಹೋಗಿದ್ರಲ್ಲ. ಆಮೇಲೆ ಕಂಪ್ಯೂಟರನ್ನು ಒಂದು ಸೈಬರ್ ಕೆಫೆಗೆ ಕೊಟ್ಟುಬಿಟ್ಟೆ.”

“ಕೊಡು ಅಂತ ಯಾರು ಹೇಳಿದ್ರು?”

“ಅವನ ಮಾವ. ಜಟ್ಟೆಪ್ಪ. ಹೆಣ ಊರಿಗೆ ಸಾಗಿಸುವ ದಿನ ರೂಮಿಗೆ ಬಂದಿದ್ರು. ಇದು ಯಾರ ಕಣ್ಣಿಗೂ ಬೀಳೋದು ಬೇಡ, ಎಲ್ಲಾದರೂ ದಾಟಿಸಿಬಿಡು ಅಂದ್ರು.”

ದೀಪಾವಳಿ ಮುಗಿದ ವಾರ, ಇದೇ ಖರಾಡಿಯ ಅರೆಕಟ್ಟಿದ ಕಟ್ಟಡವೊಂದರ ಐದನೆಯ ಮಾಳಿಗೆಯಿಂದ ಬಿದ್ದು ದತ್ತು ಸತ್ತಿದ್ದ. ಪೊಲೀಸರು ಅದನ್ನು ಆತ್ಮಹತ್ಯೆ ಎಂದರು, ಅವನ ಅಕ್ಕ ಶಿವಕಾಂತಾ ಅಲ್ಲವೆಂದಳು, ಅವಳ ಆ ಮಾತನ್ನು ಕಿವಿಗೊಟ್ಟು ಕೇಳಿದ್ದು ಖಾಸಗಿ ತನಿಖೆ ನಡೆಸುವ ಪ್ರಫುಲ್ಲಾ ಒಬ್ಬಳೇ. ಆ ಕಟ್ಟಡದ ಕೂಲಿಗಳನ್ನು ದುಡಿಸುವ ಮುಕಾದಮನೇ ಜಟ್ಟೆಪ್ಪ, ದತ್ತುವಿನ ತಾಯಿಯ ತಮ್ಮ. ಈ ಸುದೀಪ ದತ್ತುವಿನ ಜೊತೆ ಒಂದೇ ಆಫೀಸಿನಲ್ಲಿ ಕಂಪ್ಯೂಟರುಗಳ ಉಸ್ತುವಾರಿ ನೋಡುತ್ತಿದ್ದವನು, ಒಂದೇ ಕೋಣೆಯಲ್ಲಿ ಇದ್ದವನು.

“ನಾನು ಆ ಕೆಫೆಗೆ ಹೋಗಿದ್ದೆ,” ಎಂದಳು ಪ್ರಫುಲ್ಲಾ. “ಡಬ್ಬಿ ಬಿಚ್ಚಿ ತೋರಸ್ರಿ ಅಂದೆ. ಡಬ್ಬಿ ಹಳೇದು, ಒಳಗಿನ ಡಿಸ್ಕು ಹೊಚ್ಚ ಹೊಸಾದು. ಹಳೇದನ್ನ ಅಳಿಸಿ ಕೊಡೋ ಮನುಷ್ಯ ಹೊಸಾದು ಯಾಕ ತಂದು ಹಾಕ್ತಾನ್ರಿ?”

ಸುದೀಪ ಗ್ಲಾಸು ಕೆಳಗಿಟ್ಟ.

“ಹಳೇ ಡಿಸ್ಕ್ ಹಾಳಾಗಿತ್ತು.”

“ಈಗಷ್ಟೇ ಫಾರ್ಮ್ಯಾಟ್ ಮಾಡಿದೆ ಅಂದ್ರಿ.”

ಅವನು ಸುಮ್ಮನಾದ. ಪ್ರಫುಲ್ಲಾ ಅವಸರ ಮಾಡಲಿಲ್ಲ. ಸುಮ್ಮನಿರುವವರ ಎದುರು ತಾನೂ ಸುಮ್ಮನಿರುವುದು ಅವಳಿಗೆ ಕಷ್ಟವಲ್ಲ. ಗಂಡ ತೀರಿಕೊಂಡ ಮೇಲೆ ಕಾತ್ರಜದ ಮನೆಯಲ್ಲಿ ಅವಳು ಮಾಡುತ್ತ ಬಂದದ್ದು ಹೆಚ್ಚುಕಡಿಮೆ ಅದೇ.

ಟಪರಿಯವನು ವಡಾಪಾವ್ ಕಟ್ಟಲು ಇಟ್ಟುಕೊಂಡಿದ್ದ ಹಳೆಯ ಪೇಪರಿನ ತುಂಡೊಂದನ್ನು ಅವಳು ಎಳೆದುಕೊಂಡಳು. ಪರ್ಸಿನಿಂದ ಪೆನ್ನು ತೆಗೆದಳು.

“ಪೊಲೀಸರ ಸೀಡಿ ನನ್ನ ಹತ್ರ ಅದ. ಶಿವಕಾಂತಾ ಅರ್ಜಿ ಕೊಟ್ಟು ಅದರ ನಕಲು ತಗೊಂಡಾಳ. ನೀವು ಪೆನ್‌ಡ್ರೈವಿಗೆ ಹಾಕಿ ಕೊಟ್ರಿ, ಅವರು ಸೀಡಿ ಮಾಡಿಕೊಂಡ್ರು. ಅದರೊಳಗ ದತ್ತುನ ಧ್ವನಿ ತುಂಬಿದ ಫೈಲ್ ಭಾಳ ಅದಾವ. ಒಂದಕ್ಕೂ ಹೆಸರಿಲ್ಲ. ಅಕ್ಷರದ ಜಾಗದಾಗ ಬರೇ ಅಡಿಗೆರಿ, ಅಂಡರ್‌ಸ್ಕೋರು. ಒಂದಕ್ಕ ಗಿಡ್ಡ ಸಾಲು, ಒಂದಕ್ಕ ಉದ್ದ ಸಾಲು.”

“ಅವ ಫೈಲ್‌ಗಳಿಗೆ ಕನ್ನಡದಲ್ಲಿ ಹೆಸರಿಡ್ತಿದ್ದ,” ಎಂದ ಸುದೀಪ. “ಅದಕ್ಕಾಗಿಯೇ ಕೂತು ಕೀಬೋರ್ಡ್ ಸೆಟ್ ಮಾಡಿದ್ದ. ಎಲ್ಲಿಗೆ ಕಾಪಿ ಮಾಡಿದ್ರೂ ತೊಂದರೆ ಆಗ್ತದೆ ಅಂತ ನಾನು ಎಷ್ಟೋ ಸಲ ಹೇಳಿದ್ದೆ. ಕೇಳಲಿಲ್ಲ.”

“ಯಾಕಂತ?”

“‘ಅವ್ವನ ಹೆಸರು ಇಂಗ್ಲೀಷಿನ್ಯಾಗ ಹ್ಯಾಂಗ ಬರೀಲಿ’ ಅಂತಿದ್ದ.”

ಸುದೀಪ ಉಡುಪಿ ಕಡೆಯವನು. ದತ್ತುವಿನ ಮಾತನ್ನು ದತ್ತುವಿನ ಧಾಟಿಯಲ್ಲೇ ಹೇಳಿಬಿಟ್ಟಿದ್ದ. ಹೇಳಿದ ಮೇಲೆ ಅವನಿಗೇ ಕಸಿವಿಸಿಯಾಯಿತೇನೋ, ರಸ್ತೆಯ ಕಡೆ ತಿರುಗಿದ.

“ನನಗೊಂದು ಮಾತು ಚುಚ್ಚಾಕತ್ತಿತ್ತು,” ಎಂದಳು ಪ್ರಫುಲ್ಲಾ. “ಆ ಸೀಡಿಯೊಳಗ ಒಂದೇ ಉದ್ದದ ಸಾಲು ಎರಡಿಲ್ಲ. ಎಲ್ಲಾ ಬ್ಯಾರೆ ಬ್ಯಾರೆ ಉದ್ದ. ಒಬ್ಬ ಮನುಷ್ಯ ಅಷ್ಟೊಂದು ಹೆಸರು ಇಟ್ಟು ಒಂದಕ್ಕೊಂದು ಅಳತಿ ಕೂಡದಂಗ ಹ್ಯಾಂಗ ಇಡ್ತಾನ? ನಿನ್ನ ತಮ್ಮ ನಿನ್ನ ಏನಂತ ಕರೀತಿದ್ದ ಅಂತ ಶಿವಕಾಂತಾನ್ನ ಕೇಳಿದೆ.”

ಅವಳು ಪೇಪರಿನ ಅಂಚಿನಲ್ಲಿ ಒಂದರ ಕೆಳಗೊಂದು ಎರಡು ಮಾತು ಬರೆದಳು.

ಅಕ್ಕ. ಅವ್ವ.

ಸುದೀಪ ನೋಡಿದ. ಅವನ ಕೈ ತಾನಾಗಿ ಖಾಲಿ ಗ್ಲಾಸಿನತ್ತ ಹೋಯಿತು, ಮತ್ತೆ ಹಿಂದೆ ಬಂತು.

“ಕಂಪ್ಯೂಟರಿನ ಲೆಕ್ಕದಾಗ ಎರಡೂ ಒಂದೇ ಅಳತಿ. ನೀವು ಬಳಸಿದ್ದು ಡಾಸ್ ಕಾಲದ ಡಿಸ್ಕಿಗೆ ನಕಲು ಮಾಡೋ ಹಳೇ ಕಮಾಂಡು. ಅದಕ್ಕ ಕನ್ನಡ ಬರಂಗಿಲ್ಲ. ತಿಳಿಯದ ಅಕ್ಷರ ಇದ್ದಲ್ಲೆಲ್ಲ ಅಡಿಗೆರಿ ಹಾಕ್ತದ. ಮೊದಲು ‘ಅಕ್ಕ’ ಹೋಯ್ತು, ಅಡಿಗೆರಿ ಆಯ್ತು. ಅದರ ಹಿಂದ ‘ಅವ್ವ’ ಬಂತು, ಅದೂ ಅಷ್ಟೇ ಅಡಿಗೆರಿ ಆಯ್ತು. ಒಂದೇ ಹೆಸರಿನವು ಎರಡು ಒಂದೇ ಜಾಗದಾಗ ಇರಾಕ ಆಗಂಗಿಲ್ಲ. ಆವಾಗ ಅದು ಸುಮ್ಮನ ಇರಂಗಿಲ್ಲ ಸುದೀಪ. ಮುಂದ ಕೂತಾಂವನ್ನ ಕೇಳ್ತದ.”

ಹೈವೇ ಕಡೆಯಿಂದ ಸಿಮೆಂಟ್ ಕಲಸುವ ಲಾರಿಯೊಂದು ಹೊಟ್ಟೆ ತಿರುಗಿಸುತ್ತ ಹಾದುಹೋಯಿತು. ಅದು ಮರೆಯಾಗುವವರೆಗೂ ಸುದೀಪ ಕಾದ.

“ಈ ಹೆಸರಿನದ್ದು ಆಗಲೇ ಉಂಟು, ಅದರ ಮೇಲೆ ಬರೆಯಲಾ ಅಂತ ಕೇಳ್ತು.”

“ನೀವೇನಂದ್ರಿ?”

“ಎಲ್ಲದಕ್ಕೂ ಹೌದು ಅಂತ ಒತ್ತಿದೆ.”

ಅವನ ದನಿ ಕೆಳಗಿಳಿದಿತ್ತು. ಬಾಗಿಲಲ್ಲಿ ಹವಾಲ್ದಾರ ನಿಂತಿದ್ದನಂತೆ. ‘ಲವ್ಕರ್ ಆವರಾ’ ಎಂದು ಮರಾಠಿಯಲ್ಲಿ ಅವಸರ ಮಾಡುತ್ತಿದ್ದನಂತೆ. ದತ್ತುವಿನ ಹಾಸಿಗೆಯ ಮೇಲೆ ಜಟ್ಟೆಪ್ಪ ಕೂತಿದ್ದ, ಒಂದು ಮಾತೂ ಆಡದೆ ಕಂಪ್ಯೂಟರಿನ ಪರದೆಯನ್ನೇ ನೋಡುತ್ತಿದ್ದ. ಸುದೀಪನಿಗೆ ಬೇಗ ಮುಗಿಸಿದರೆ ಸಾಕಾಗಿತ್ತು. ಪ್ರಶ್ನೆ ಬಂತು, ಒತ್ತಿದ. ಒತ್ತಿದ ಮೇಲೆ ಅದು ಎಂಥ ಪ್ರಶ್ನೆಯಾಗಿತ್ತೆಂದು ತಿಳಿಯಿತು.

“ಆವಾಗಲೇ ಹೇಳಬಹುದಿತ್ತಲ್ಲ?”

“ಎಲ್ಲವನ್ನೂ ಸರಿಯಾಗಿ ಕಾಪಿ ಮಾಡಿದ್ದೇನೆ ಅಂತ ಅವರು ಸಹಿ ಹಾಕಿಸಿಕೊಂಡಾಗಿತ್ತು. ಬೇಕೆಂದೇ ಅಳಿಸಿದ ಅಂದ್ರೆ ಏನು ಮಾಡ್ಲಿ? ಒಂದೇ ರೂಮಲ್ಲಿ ಇದ್ದವ ನಾನು. ಮೊದಲು ನನ್ನನ್ನೇ ಹಿಡೀತಾರೆ.” ಸ್ವಲ್ಪ ತಡೆದು ಹೇಳಿದ, “ಡಿಸ್ಕ್ ಎಸೆಯಲಿಕ್ಕೂ ಆಗಲಿಲ್ಲ ಮೇಡಂ.”

“ಅದರೊಳಗಿನ ಆ ಧ್ವನಿ ಕೇಳಿದ್ರೇನು?”

ಸುದೀಪ ಇಲ್ಲವೆಂದು ತಲೆಯಾಡಿಸಿದ.

“ಭಾನುವಾರ ಅವ ಗೋಡೆ ಕಡೆ ಮುಖ ಮಾಡಿ ಕೂತು ಮೈಕಿಗೆ ಮಾತಾಡ್ತಿದ್ದ. ಅವನ ಅಮ್ಮನಿಗೆ ಓದಲಿಕ್ಕೆ ಬರೂದಿಲ್ಲ, ಅದಕ್ಕೆ ಪತ್ರದ ಬದಲು ಮಾತಾಡಿ ಸೀಡಿ ಮಾಡಿ ಕಳಿಸ್ತಿದ್ದ. ಏನು ತಿಂದೆ, ಆಫೀಸಲ್ಲಿ ಯಾರು ಬೈದ್ರು, ಎಲ್ಲ ಹೇಳ್ತಿದ್ದ. ನಾನು ಕಿವಿಗೆ ಹೆಡ್‌ಫೋನ್ ಹಾಕಿಕೊಳ್ತಿದ್ದೆ. ನನ್ನ ಹತ್ರ ಅವ ಅಷ್ಟು ಮಾತಾಡಿದ್ದೇ ಇಲ್ಲ.”

“ನೀವು ಮಾತಾಡಿಸಿದ್ರಿ?”

ಸುದೀಪ ಗ್ಲಾಸನ್ನು ಟಪರಿಯವನ ಕಡೆ ಸರಿಸಿದ. ಎದ್ದು ನಿಂತ. “ಬನ್ನಿ. ರೂಮಲ್ಲೇ ಉಂಟು,” ಎಂದ.

ಚಂದನನಗರದ ಆ ಕೋಣೆಯಲ್ಲಿ ಎರಡು ಕಬ್ಬಿಣದ ಮಂಚಗಳಿದ್ದವು. ಒಂದರ ಮೇಲೆ ಬಟ್ಟೆ, ಪುಸ್ತಕ, ಅರ್ಧ ತಿಂದ ಬಿಸ್ಕಿಟಿನ ಪೊಟ್ಟಣ ಹರಡಿಕೊಂಡಿದ್ದವು. ಇನ್ನೊಂದರ ಹಾಸಿಗೆ ಎಳೆದು ಸರಿಮಾಡಿದಂತೆಯೇ ಇತ್ತು, ಮೇಲೆ ತೆಳ್ಳಗೆ ಧೂಳು. ಬೇರೆ ಜೊತೆಗಾರನನ್ನು ಸುದೀಪ ತಂದುಕೊಂಡಿರಲಿಲ್ಲ. ಯಾಕೆಂದು ಪ್ರಫುಲ್ಲಾ ಕೇಳಲಿಲ್ಲ.

ಡಿಸ್ಕು ದತ್ತುವಿನ ಟ್ರಂಕಿನಲ್ಲಿತ್ತು, ಅವನದೇ ಟವೆಲಿನಲ್ಲಿ ಸುತ್ತಿಟ್ಟಿತ್ತು.

“ದತ್ತು ಬಿದ್ದ ದಿನ ನೀವು ಮರಳಿ ಬಂದಾಗ ಇಲ್ಲಿ ಏನರೆ ಬ್ಯಾರೆ ಕಂಡಿತ್ತೇನು?”

“ಪೊಲೀಸ್ನವರೂ ಕೇಳಿದ್ರು. ಬೀಗ ಹಾಕಿತ್ತು, ಕೀ ಕಿಟಕಿ ಹತ್ರ ಇತ್ತು. ಎಂದಿನ ಹಾಗೇ.” ಸುದೀಪ ಬಾಗಿಲಿನತ್ತ ಹೊರಟವನು ನಿಂತ. “ಗ್ಲಾಸುಗಳು ತೊಳೆದಿದ್ದವು. ಎರಡು. ಬೋರಲು ಹಾಕಿದ್ದವು. ಇಬ್ಬರೂ ಗ್ಲಾಸ್ ತೊಳೆಯುವವರಲ್ಲ ನಾವು. ಅದನ್ನು ಅವರಿಗೆ ಹೇಳಲಿಲ್ಲ. ಹೇಳುವಂಥದ್ದು ಅಂತ ಅನ್ನಿಸಲಿಲ್ಲ.”

ಪ್ರಫುಲ್ಲಾ ಟವೆಲಿನ ಗಂಟನ್ನು ಹಾಗೇ ಚೀಲದೊಳಕ್ಕೆ ಇಳಿಸಿಕೊಂಡಳು. ಅವಳು ಮೆಟ್ಟಿಲಿಳಿಯುವಾಗ ಸುದೀಪ ಮೇಲಿಂದ ಕರೆದ.

“ಅದರಲ್ಲಿ ನನ್ನ ಬಗ್ಗೆ ಏನಾದರೂ ಹೇಳಿದ್ರೆ, ಒಂದು ಫೋನ್ ಮಾಡ್ತೀರಾ?”

ಆ ದನಿಯಲ್ಲಿ ಹೆದರಿಕೆ ಇದೆಯೋ ಆಸೆ ಇದೆಯೋ ಎಂದು ಬಸ್ಸಿನ ದಾರಿಯುದ್ದಕ್ಕೂ ಅವಳು ಯೋಚಿಸಿದಳು. ಗೊತ್ತಾಗಲಿಲ್ಲ.

ಕಾತ್ರಜ ತಲುಪುವ ಹೊತ್ತಿಗೆ ಬಿಸಿಲು ಬೆಟ್ಟದ ಹಿಂದಕ್ಕೆ ಸರಿದಿತ್ತು. ಸಾತಾರಾದ ಕಡೆ ಹೊರಟ ಬಸ್ಸುಗಳು ಹೆದ್ದಾರಿಯಲ್ಲಿ ಸಾಲುಗಟ್ಟಿದ್ದವು. ಹುಬ್ಬಳ್ಳಿ ಎಂದು ಕನ್ನಡ ಬೋರ್ಡು ಹೊತ್ತ ಬಸ್ಸು ಕಂಡರೆ ಒಂದು ಕ್ಷಣ ನಿಂತು ಓದುವುದು ಅವಳ ರೂಢಿ. ಹೋಗುವುದಕ್ಕಲ್ಲ. ಅಲ್ಲಿ ಅವಳ ದಾರಿ ನೋಡುವವರು ಯಾರೂ ಉಳಿದಿರಲಿಲ್ಲ.

ಸಂಕ್ರಾಂತಿ ಕಳೆದ ವಾರ. ಬಿಲ್ಡಿಂಗಿನ ಕೆಳಮನೆಯಲ್ಲಿ ಮುತ್ತೈದೆಯರ ಹಳದಿ-ಕುಂಕು ನಡೆದಿತ್ತು. ರೇಷ್ಮೆ ಸೀರೆಯ ಹೆಂಗಸರು ಬಾಗಿಲು ತುಂಬ ನಿಂತಿದ್ದರು. ಅವರ ನಡುವೆ ದಾರಿ ಮಾಡಿಕೊಂಡು ಪ್ರಫುಲ್ಲಾ ಮೆಟ್ಟಿಲೇರಿದಳು. ಒಬ್ಬಾಕೆ ನಕ್ಕು ಪಕ್ಕಕ್ಕೆ ಸರಿದಳು, ಒಳಗೆ ಬಾ ಎನ್ನಲಿಲ್ಲ. ಗಂಡನಿಲ್ಲದವಳನ್ನು ಆ ದಿನ ಕರೆಯುವ ಪದ್ಧತಿಯಿಲ್ಲ. ಆಮೇಲೆ ಯಾರಾದರೂ ಒಂದು ಎಳ್ಳುಂಡೆ ಬಾಗಿಲಿಗೆ ತಂದು ಕೊಡುತ್ತಾರೆ. ಪ್ರತಿ ವರ್ಷ ಕೊಡುತ್ತಾರೆ.

ಮೇಲೆ ಬಂದು ದೀಪ ಹಾಕಿದಳು. ಇಡೀ ದಿನ ಆಡಿದ ಮಾತಿನಲ್ಲಿ ಕನ್ನಡ ಸುದೀಪನೊಂದಿಗೆ ಆಡಿದ್ದಷ್ಟೇ ಎಂಬುದು ನೆನಪಾಯಿತು. ಎಷ್ಟೋ ವಾರ ಅಷ್ಟೂ ಇರುವುದಿಲ್ಲ. ದತ್ತು ಗೋಡೆಗೆ ಮುಖ ಮಾಡಿ ಕೂತು ಮಾತಾಡುತ್ತಿದ್ದದ್ದು ಸುದೀಪನಿಗೆ ವಿಚಿತ್ರವೆನಿಸಿರಬಹುದು. ಪ್ರಫುಲ್ಲಾಳಿಗೆ ಹಾಗೆನಿಸಲಿಲ್ಲ.

ಡಿಸ್ಕನ್ನು ತನ್ನ ಕಂಪ್ಯೂಟರಿಗೆ ಜೋಡಿಸಿದಳು. ಅದು ಗರ್ರೆಂದು ಸುತ್ತಿ, ಒಮ್ಮೆ ತಡವರಿಸಿ, ಮತ್ತೆ ಸುತ್ತಿತು. ಬದುಕಿತ್ತು.

ಏನನ್ನೂ ಬರೆಯಲಾಗದಂತೆ, ಓದಲಷ್ಟೇ ಬರುವಂತೆ ತೆರೆದಳು. ದತ್ತುವಿನ ಫೋಲ್ಡರಿನೊಳಗೆ ಏನೇನಿದೆ ಎಂದು ಕಮಾಂಡ್ ಕೊಟ್ಟು ಕೇಳಿದಳು. ಪರದೆಯ ತುಂಬ ಪ್ರಶ್ನಾರ್ಥಕ ಚಿಹ್ನೆಗಳು ಬಂದವು. ಅವಳ ಯಂತ್ರಕ್ಕೂ ಕನ್ನಡ ಬರುತ್ತಿರಲಿಲ್ಲ. ಆದರೆ ಇಲ್ಲಿ ಒಂದು ವ್ಯತ್ಯಾಸವಿತ್ತು: ಪೊಲೀಸರ ಸೀಡಿಯಲ್ಲಿ ಇಲ್ಲದ್ದು ಇಲ್ಲಿತ್ತು. ಒಂದೇ ಉದ್ದದ ಚಿಹ್ನೆಗಳ ಸಾಲು, ಒಂದರ ಕೆಳಗೆ ಇನ್ನೊಂದು. ಅಂಥ ಜೋಡಿಗಳು ಬೇರೆಯೂ ಇದ್ದವು, ಹಬ್ಬಗಳ ಹಳೆಯ ದಿನಾಂಕ ಹೊತ್ತವು. ತೀರ ಈಚಿನದು ಇದೊಂದೇ ಜೋಡಿ.

ಪ್ರಫುಲ್ಲಾ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡಳು.

ಆ ಎರಡರಲ್ಲಿ ಮೊದಲನೆಯದನ್ನು ತನ್ನ ಕಡೆಗೆ ನಕಲು ಮಾಡಬೇಕಿತ್ತು. ಹೆಸರು ಟೈಪ್ ಮಾಡುವುದು ಹೇಗೆ? ಅವಳ ಕೀಬೋರ್ಡಿನಲ್ಲಿ ಆ ಅಕ್ಷರಗಳಿಲ್ಲ. ತೆರೆಯ ಮೇಲೆ ಕಂಡಂತೆ ಪ್ರಶ್ನಾರ್ಥಕಗಳನ್ನೇ ಒತ್ತಿದಳು. ಕಮಾಂಡು ಅದನ್ನು ‘ಇಷ್ಟು ಉದ್ದದ ಯಾವುದಾದರೂ’ ಎಂದು ಅರ್ಥಮಾಡಿಕೊಂಡು ಎರಡನ್ನೂ ಒಟ್ಟಿಗೆ ಎತ್ತಲು ಹೊರಟಿತು. ಸುದೀಪನ ಬೆರಳಿಗೆ ಆದದ್ದೇ ತನಗೂ ಆಗುವುದರಲ್ಲಿತ್ತು. ಥಟ್ಟನೆ ನಿಲ್ಲಿಸಿದಳು.

ಎದ್ದು ಹೋಗಿ ನೀರು ಕುಡಿದು ಬಂದಳು.

ಡಿಸ್ಕಿನೊಳಗೆ ಪ್ರತಿಯೊಂದು ಫೈಲಿಗೂ ಹೆಸರಿನ ಹೊರತಾಗಿ ಒಂದು ಸಂಖ್ಯೆ ಇರುತ್ತದೆ. ಅದನ್ನು ಯಾರೂ ಕಾಣುವುದಿಲ್ಲ, ಯಂತ್ರ ತನಗಾಗಿ ಇಟ್ಟುಕೊಂಡದ್ದು. ಪ್ರಫುಲ್ಲಾ ಆ ಸಂಖ್ಯೆಯನ್ನು ಕೇಳಿ ಪಡೆದಳು. ಈ ಸಂಖ್ಯೆಯದ್ದು ಯಾವುದೋ ಅದೊಂದನ್ನು ಮಾತ್ರ ತಾ, ಇಲ್ಲಿ ಅದಕ್ಕೆ ಈ ಹೊಸ ಹೆಸರಿಡು ಎಂದು ಕಮಾಂಡ್ ಬರೆದಳು. ಎರಡು ಸಲ ಓದಿ ನೋಡಿ ಒತ್ತಿದಳು. ಡಿಸ್ಕು ಸದ್ದು ಮಾಡಿತು. ಸದ್ದು ನಿಂತಿತು.

ಬಂದಿತ್ತು. ದಿನಾಂಕ ನೋಡಿದಳು. ದತ್ತು ಬಿದ್ದ ದಿನದ್ದೇ, ಮಧ್ಯಾಹ್ನ ದಾಟಿದ ಮೇಲಿನದು. ಅವನು ಬಿದ್ದದ್ದು ಅದೇ ಸಂಜೆ.

ಎರಡನೆಯದು ಪೊಲೀಸರು ಕೇಳಿದ್ದ ಧ್ವನಿ. ಅವಳಿಗೆ ಅದು ಬಾಯಿಪಾಠವಾಗಿತ್ತು: ‘ಅವ್ವಾ, ಸಿಟ್ಟಾಗಬ್ಯಾಡ. ಈ ಸಲ ನಾ ಬರಂಗಿಲ್ಲ. ನನ್ನ ದಾರಿ ಕಾಯಬ್ಯಾಡ.’ ಮಗನೊಬ್ಬ ತಾಯಿಗೆ ಹೇಳಿದ ಕೊನೆಯ ಮಾತು ಎಂದು ಇನ್ಸ್‌ಪೆಕ್ಟರು ಬರೆದುಕೊಂಡಿದ್ದರು. ಈ ವಾರ ಕೇಸು ಮುಚ್ಚುತ್ತೇವೆ ಎಂದೂ ಹೇಳಿದ್ದರು.

ಮೊದಲನೆಯದನ್ನು ಕೇಳಲು ಅವಳ ಕೈ ತವಕಿಸಿತು. ಕೇಳಲಿಲ್ಲ. ಅದು ಅಕ್ಕನಿಗೆ ಆಡಿದ ಮಾತು. ಮೊದಲು ಕೇಳಬೇಕಾದವಳು ಅಕ್ಕನೇ. ಶಿವಕಾಂತಾಳ ಕಾರ್ಖಾನೆಗೆ ಫೋನ್ ಮಾಡಿ, ನಾಳೆ ಬಾ ಎಂದಷ್ಟೇ ಹೇಳಿಟ್ಟಳು. ಆ ಸಂಜೆ ಎಳ್ಳುಂಡೆ ತಂದುಕೊಡಲು ಯಾರೂ ಬರಲಿಲ್ಲ.

ಮರುದಿನ ಮಧ್ಯಾಹ್ನದ ಪಾಳಿ ತಪ್ಪಿಸಿ ಶಿವಕಾಂತಾ ಬಂದಳು. ಮೂವತ್ತರ ಆಸುಪಾಸಿನ ಹೆಂಗಸು. ಹಡಪಸರದ ಔಷಧಿ ಕಾರ್ಖಾನೆಯೊಂದರಲ್ಲಿ ಗುಳಿಗೆ ಪ್ಯಾಕು ಮಾಡುವ ಕೆಲಸ, ಬಟ್ಟೆಗೆ ಅದರ ಕಹಿ ವಾಸನೆ ಅಂಟಿಕೊಂಡಿತ್ತು.

“ಕೂಡು ತಂಗಿ. ಊಟ ಆಯ್ತು?”

“ಆಗ್ಯಾದ್ರಿ ಬಾಯಾರ.” ಆಗಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು. “ಸಿಕ್ಕದೇನ್ರಿ?”

“ಸಿಕ್ಕದ. ನಾನೂ ಕೇಳಿಲ್ಲ. ನೀ ಒಬ್ಬಾಕೇ ಕೇಳ್ತೀನಿ ಅಂದ್ರ ನಾ ಹೊರಗ ಹೋಗ್ತೀನಿ.”

ಶಿವಕಾಂತಾ ಸ್ಪೀಕರುಗಳನ್ನು ನೋಡಿದಳು, ಕಂಪ್ಯೂಟರನ್ನು ನೋಡಿದಳು.

“ನೀವು ಇಲ್ಲೇ ಇರ್ರಿ,” ಎಂದಳು. “ಅಂವ ಸಣ್ಣಾಂವ ಇದ್ದಾಗ ಅವ್ವ ಕೆಲಸಕ್ಕ ಹೋಗ್ತಿದ್ಲು. ನಾನೇ ಕಂಕುಳಾಗ ಎತಗೊಂಡು ಬೆಳಸೀನ್ರಿ. ಒಬ್ಬಾಕೇ ಕೂತು ಅವನ ಧ್ವನಿ ಕೇಳಾಕ ನನ್ನ ಕಡೆ ಆಗಂಗಿಲ್ಲ.”

ಪ್ರಫುಲ್ಲಾ ಒತ್ತಿದಳು. ಪರದೆಯ ಮೇಲೆ ಹಸಿರು ಗೆರೆಯೊಂದು ಎಡದಿಂದ ಬಲಕ್ಕೆ ಓಡತೊಡಗಿತು. ಮಾತು ಬಂದಲ್ಲಿ ಅದು ಏಳುತ್ತಿತ್ತು, ಸುಮ್ಮನಿದ್ದಲ್ಲಿ ಮಲಗುತ್ತಿತ್ತು.

‘ಅಕ್ಕಾ, ನಾ ದತ್ತು. ಆರಾಮ ಅದೀ? ನಿನ್ನ ಮೊಣಕಾಲ ನೋವು ಹ್ಯಾಂಗದ?’

ಶಿವಕಾಂತಾ ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದಳು.

‘ಒಂದು ಮಾತು ಹೊಟ್ಟಿಯಾಗ ಇಟ್ಟುಕೊಂಡು ಭಾಳ ದಿನ ಆಯ್ತು. ಅವ್ವಗ ಬ್ಯಾರೆ ಮಾತಾಡಿ ಇಟ್ಟೀನಿ, ಈ ಸಲ ದೇಹೂ ರೋಡಿಗೆ ಬರಂಗಿಲ್ಲ, ದಾರಿ ಕಾಯಬ್ಯಾಡ ಅಂತ. ಯಾಕ ಬರಂಗಿಲ್ಲ ಅಂತ ಆಕಿಗೆ ಹೇಳಿಲ್ಲ. ಅಲ್ಲಿಗೆ ಬಂದ್ರ ಜಟ್ಟೆಪ್ಪ ಮಾಮಾನ ಮಾರಿ ನೋಡಬೇಕಾಗ್ತದ. ಅದು ನನ್ನ ಕಡೆ ಆಗವಲ್ದು.’

ಪ್ರಫುಲ್ಲಾ ಮುಂದಕ್ಕೆ ಬಾಗಿದಳು. ಪೊಲೀಸರು ಸಾವಿನ ಮಾತೆಂದು ಬರೆದುಕೊಂಡದ್ದು ದೇಹೂ ರೋಡಿನ ತಾಯಿಯ ಮನೆಗೆ ಈ ಸಲ ಬರಲಾರೆ ಎಂಬ ಮಾತಾಗಿತ್ತು. ಸಾಯಲು ಹೊರಟವನು ಅಕ್ಕನ ಮೊಣಕಾಲು ವಿಚಾರಿಸುತ್ತಾನೆಯೇ?

‘ಮಾಮಾನ ಕೈಕೆಳಗ ಖರಾಡಿ ಬಿಲ್ಡಿಂಗದಾಗ ಸಿಮೆಂಟ್ ಹೊರತಿದ್ಲಲ್ಲ, ಶರಣಮ್ಮ? ಆಕಿ ಕೆಲಸ ಬಿಟ್ಟು ಊರಿಗೆ ಹೋದ್ಲು ಅಂತ ಮಾಮಾ ಎಲ್ಲಾರಿಗೂ ಹೇಳ್ಯಾನ. ಆಕಿ ಊರಿಗೆ ಹೋಗಿಲ್ಲಕ್ಕಾ. ನಾ ಫೋನ್ ಮಾಡಿ ಕೇಳೀನಿ. ಆಕಿ ಮಕ್ಕಳು ಅಲ್ಲಿ ಇನ್ನೂ ದಾರಿ ನೋಡಾಕತ್ತಾವ.’

“ಶರಣಮ್ಮ,” ಎಂದಳು ಶಿವಕಾಂತಾ, ತನಗೇ ಹೇಳಿಕೊಳ್ಳುವಂತೆ. “ನನಗ ಗೊತ್ತ ಆಕಿ. ನಗುಮಾರಿ.”

‘ಆಕಿ ಎಲ್ಲಿ ಅದಾಳ ಅಂತ ನನಗ ಗೊತ್ತಾಗ್ಯದ. ಆ ಬಿಲ್ಡಿಂಗ ಬಿಟ್ಟು ಆಕಿ ಎಲ್ಲೂ ಹೋಗಿಲ್ಲ. ಇವತ್ತ ಸಂಜಿಗೆ ಐದನೇ ಮಜಲಿಗೆ ಹೋಗಿ ನೋಡಾಂವ ಅದೀನಿ. ಒಬ್ಬನೇ ಹೋಗಂಗಿಲ್ಲ, ನೀ ಹೆದರಬ್ಯಾಡ. ನನ್ನ ಸಂಗಾಟ…’

ಬಾಗಿಲು ಬಡಿದ ಸದ್ದು. ಕುರ್ಚಿ ಸರಿದ ಸದ್ದು. ಚಿಲಕ.

ಆಮೇಲೆ ಇನ್ನೊಂದು ಧ್ವನಿ, ಮೈಕಿನಿಂದ ದೂರದ್ದು, ಹೆಂಗಸಿನದು.

‘ಯಾರ ಕೂಡ ಮಾತಾಡಾಕತ್ತೀ ದತ್ತ್ಯಾ? ಸಾಕು ಮಾಡು. ನಡಿ, ನಿಮ್ಮ ಮಾಮಾ ಕೆಳಗ ನಿಂತಾನ.’

ಪ್ರಫುಲ್ಲಾ ಆ ಧ್ವನಿಯನ್ನು ಕೇಳಿರಲಿಲ್ಲ. ಯಾರೆಂದು ಕೇಳಲು ಪಕ್ಕಕ್ಕೆ ತಿರುಗಿದಳು. ಕೇಳಬೇಕಾಗಲಿಲ್ಲ. ಶಿವಕಾಂತಾಳ ಮುಖದಲ್ಲಿ ರಕ್ತವೇ ಇರಲಿಲ್ಲ.

‘ಚಾ ಮಾಡ್ತೀನಿ ಕೂಡವ್ವಾ,’ ಎಂದ ದತ್ತು. ಅವನ ದನಿಯಲ್ಲಿ ಅಚ್ಚರಿಯಿರಲಿಲ್ಲ. ಬರುತ್ತಾಳೆಂದು ಗೊತ್ತಿದ್ದವನ ದನಿ ಅದು. ‘ಕುಡದು ಹೋಗೋಣು. ಖರೆ ಹೇಳವ್ವಾ, ನೀ ಆವತ್ತ…’

ಶಿವಕಾಂತಾ ಎದ್ದು ಸ್ಪೀಕರಿನ ವೈರನ್ನು ಹಿಡಿದು ಎಳೆದುಬಿಟ್ಟಳು.

ಕೆಳಗಿನ ಹೆದ್ದಾರಿಯ ಸದ್ದು ಮಾತ್ರ ಒಳಗೆ ಬರುತ್ತಿತ್ತು.

“ಅವ್ವ,” ಎಂದಳು. ವೈರು ಇನ್ನೂ ಅವಳ ಮುಷ್ಟಿಯಲ್ಲಿತ್ತು. “ಆವತ್ತ ದಿನಾ ಪೂರ್ತಿ ದೇಹೂ ರೋಡದಾಗ ಕೆಲಸದ ಮ್ಯಾಲ ಇದ್ದೆ ಅಂದಾಳ. ಪೊಲೀಸರ ಮುಂದ ಅಂದಾಳ, ನನ್ನ ಮುಂದ ಅಂದಾಳ. ದತ್ತುನ ಮಾರಿ ದಸರಾದಾಗ ನೋಡಿದ್ದೇ ಕಡೀದು ಅಂತ ಎದಿ ಎದಿ ಬಡಕೊಂಡು ಅತ್ತಾಳ. ನಾ ಆಕಿನ್ನ ತೊಡಿ ಮ್ಯಾಲ ಹಾಕೊಂಡು ಕೂತಿದ್ದೆ.”

“ಶಿವಕಾಂತಾ, ಪೂರ್ತಿ ಕೇಳೂಣು. ಪೂರ್ತಿ ಕೇಳಲಾರದ ಏನೂ ತಿಳಿಯಂಗಿಲ್ಲ. ಆಕಿ ಮಗನ್ನ ತಡಿಯಾಕ ಬಂದಿರಬಹುದು.”

“ತಡಿಯಾಕ ಬಂದಾಕಿ ಸುಳ್ಳು ಯಾಕ ಹೇಳ್ತಾಳ್ರಿ?”

ಪ್ರಫುಲ್ಲಾ ಕುರ್ಚಿಯನ್ನು ಅವಳ ಕಡೆ ಸರಿಸಿದಳು.

ಶಿವಕಾಂತಾ ಮೆಲ್ಲಗೆ ಕುರ್ಚಿಯ ಮೇಲೆ ಕೂತಳು. ಮಾತಾಡಿದಾಗ ಅವಳ ದನಿ ಬೇರೆಯೇ ಆಗಿತ್ತು. ಈ ಎರಡು ತಿಂಗಳು ಠಾಣೆಯ ಮೆಟ್ಟಿಲು ಹತ್ತಿಳಿದು, ಮಾವನ ಬೈಗುಳ ತಿಂದು, ನನ್ನ ತಮ್ಮ ಜೀವ ಕಳೆದುಕೊಳ್ಳುವವನಲ್ಲ ಎಂದು ಹಟ ಹಿಡಿದಿದ್ದ ಹೆಂಗಸಿನ ದನಿ ಅದಾಗಿರಲಿಲ್ಲ.

“ಇದು ಎಲ್ಲೆಲ್ಲಿ ಅದರಿ, ಬಾಯಾರ?”

“ನನ್ನ ಕಂಪ್ಯೂಟರಿನ್ಯಾಗ. ಮತ್ತ ದತ್ತುನ ಡಿಸ್ಕಿನ್ಯಾಗ. ಬ್ಯಾರೆ ಎಲ್ಲೂ ಇಲ್ಲ.”

“ಆ ಹುಡುಗ ಕೇಳ್ಯಾನೇನ್ರಿ?”

“ಇಲ್ಲ.”

“ಹಂಗಾದ್ರ ಅಳಸ್ರಿ. ಎರಡೂ ಕಡೆ ಅಳಸ್ರಿ.” ಅವಳು ಪ್ರಫುಲ್ಲಾಳ ಮೊಣಕೈ ಹಿಡಿದಳು. ಬೆರಳುಗಳು ತಣ್ಣಗಿದ್ದವು. “ಅಪ್ಪ ಇಲ್ಲ. ತಮ್ಮ ಹೋದ. ಗಂಡ ನಾ ಬ್ಯಾಡಾಗಿ ಎಂದೋ ಬಿಟ್ಟಾನ. ಸಂಜಿಗೆ ಮನಿಗೆ ಹೋದ್ರ ಬಂದ್ಯಾ ಅನ್ನಾಕಿ ಆಕಿ ಒಬ್ಬಾಕೇ ಅದಾಳ್ರಿ ನನಗ. ಈ ಊರಾಗ ಒಬ್ಬಾಕೇ ಇರೂದು ಅಂದ್ರ ಏನಂತ ನಿಮಗ ಗೊತ್ತದ.”

ಗೊತ್ತಿತ್ತು. ಅದಕ್ಕೇ ಪ್ರಫುಲ್ಲಾ ಕೈ ಬಿಡಿಸಿಕೊಳ್ಳಲಿಲ್ಲ. ಕೀಬೋರ್ಡಿನ ಕಡೆಗೂ ಕೈ ಚಾಚಲಿಲ್ಲ.

ಸ್ಪೀಕರು ಸತ್ತಿತ್ತು. ಆದರೆ ಧ್ವನಿ ನಿಲ್ಲಿಸಲು ಯಾರೂ ನೆನಪು ಮಾಡಿಕೊಂಡಿರಲಿಲ್ಲ. ಪರದೆಯ ಮೇಲೆ ಹಸಿರು ಗೆರೆ ತನ್ನಷ್ಟಕ್ಕೆ ಓಡುತ್ತಲೇ ಇತ್ತು. ಶಿವಕಾಂತಾ ತಲೆ ತಗ್ಗಿಸಿದ್ದಳು, ನೋಡುತ್ತಿದ್ದವಳು ಪ್ರಫುಲ್ಲಾ ಒಬ್ಬಳೇ.

ಗೆರೆ ಸಣ್ಣ ಸಣ್ಣಗೆ ಏಳುತ್ತ ಬೀಳುತ್ತ ಹೋಯಿತು. ಇಬ್ಬರ ಮೆಲುಮಾತು. ನಡುವೆ ಒಂದು ವಿರಾಮ. ಮತ್ತೆ ಮಾತು. ಆಮೇಲೆ ಒಂದು ಸಲ ಎತ್ತರಕ್ಕೆ ಎದ್ದಿತು, ಮೂರನೆಯವರು ಯಾರೋ ಬಾಗಿಲಲ್ಲಿ ನಿಂತು ಮಾತಾಡಿದಂತೆ. ಮತ್ತೊಮ್ಮೆ ಎದ್ದಿತು. ಆಮೇಲೆ ಗೆರೆ, ಯಾರೋ ಚೀರಿದಂತೆ, ಪರದೆಯ ಅಂಚಿಗೆ ತಾಗುವಷ್ಟು ಜೋರಾಗಿ ಏರಿ, ಅಲ್ಲೇ ಬಹಳ ಹೊತ್ತು ನಡುಗುತ್ತ ನಿಂತು, ಒಮ್ಮೆಲೇ ನೆಲಕ್ಕೆ ಮಲಗಿತು.

ಮಲಗಿದ ಗೆರೆಯೇ ಕೊನೆಯವರೆಗೂ ಓಡಿತು. ಆ ಮೌನದ ತುದಿಯಲ್ಲಿ ಯಾರೋ ಮೈಕಿನ ತೀರ ಹತ್ತಿರಕ್ಕೆ ಬಂದಿದ್ದರು. ಒಂದೇ ಒಂದು ಸಣ್ಣ ಏರಿಳಿತ, ಒಂದು ಮಾತಿನಷ್ಟು. ಅಲ್ಲಿಗೆ ಮುಗಿದಿತ್ತು. ಸುದೀಪ ಹೇಳಿದ್ದ, ತೊಳೆದು ಬೋರಲು ಹಾಕಿದ್ದ ಎರಡು ಗ್ಲಾಸುಗಳು ಪ್ರಫುಲ್ಲಾಳಿಗೆ ನೆನಪಾದವು.

“ಅಳಿಸಿದ್ರೇನ್ರಿ?” ಎಂದಳು ಶಿವಕಾಂತಾ, ತಲೆ ಎತ್ತದೆ.